ನಿಮಗಿದು ಗೊತ್ತೇ? ಮನೋವೈದ್ಯರು ಪಳಗುವ ತಾವುಗಳು

● ನಮ್ಮ ವಿಜಯಪುರ ಜಿಲ್ಲೆಯ ಗೊಳಸಂಗಿ ಊರಿನವರು ಮನೋವೈದ್ಯರನ್ನು ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತಲೇಬೇಕೆಂದಿಲ್ಲ. 2014ರಲ್ಲಿ ರಾಜ್ಯ ಸರ್ಕಾರ ಶುರುಮಾಡಿದ ‘ಮನೋಚೈತನ್ಯ’ ಯೋಜನೆಯ ಪ್ರಕಾರ ಮನೋವೈದ್ಯರೇ ಸರದಿಯಂತೆ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರಬೇಕು. ಬಸವನ ಬಾಗೇವಾಡಿ, ಮುದ್ದೇಬಿಹಾಳ, ಇಂಡಿ, ಸಿಂದಗಿ ನಾಲ್ಕೂ ತಾಲ್ಲೂಕು ಕೇಂದ್ರಗಳೇ. ಹೊರಡುವ ಮೊದಲು ಈ ವಾರ ಯಾವ ಆಸ್ಪತ್ರೆಯ ಸರದಿ ಎಂದು ಫೋನ್ ಮಾಡಿ ಕೇಳಿಕೊಂಡರೆ ಬಸ್ ಚಾರ್ಜು ಉಳಿದೀತು.

● ಮನೋವೈದ್ಯರಾಗಲು ಎಂ.ಬಿ.ಬಿ.ಎಸ್. ಮುಗಿಸಿ ಮತ್ತೆ ಮೂರು ವರ್ಷ ಎಂ.ಡಿ. ಓದಬೇಕು. ಓದು ಎನ್ನುವುದಕ್ಕಿಂತ ದುಡಿಮೆ ಎನ್ನುವುದೇ ಸರಿ: ಹೊರರೋಗಿ ವಿಭಾಗ, ವಾರ್ಡು, ರಾತ್ರಿ ಪಾಳಿ. ಇದಕ್ಕೆ ಜಿಲ್ಲೆ ಬಿಟ್ಟು ಹೋಗಬೇಕಿಲ್ಲ. ವಿಜಯಪುರದಲ್ಲಿ 1986ರಲ್ಲಿ ಶುರುವಾದ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನಲ್ಲೇ ಈ ಎಂ.ಡಿ. ಇದೆ.

● ಕಾಲೇಜು ಎಷ್ಟೇ ದೊಡ್ಡದಿರಲಿ, ಎಂ.ಡಿ. ವಿದ್ಯಾರ್ಥಿ ಮೂರು ತಿಂಗಳು ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯಲೇಬೇಕು. 2020ರ ನಿಯಮ ಇದು. ಮೂರು, ನಾಲ್ಕು ಅಥವಾ ಐದನೆಯ ಸೆಮಿಸ್ಟರಿನಲ್ಲಿ ಹೋಗಿ ಬರಬೇಕು. ಯಾರಿಗೆ ಏನೇ ಅನಿಸಲಿ, ನನಗಂತೂ ಈ ಮೂರು ತಿಂಗಳು ಕಡಿಮೆಯೇ. ಮೆಣಸಿನಕಾಯಿ ರೇಟು ಬಿದ್ದು, ಸಾಲ ತೀರದೆ ನಿದ್ದೆಗೆಟ್ಟ ರೈತ ವೈದ್ಯರ ಮುಂದೆ ಬಂದು ಕೂರುವುದು ಇಂಥ ಕಡೆಯೇ ಹೊರತು ಮಹಾನಗರದ ವಾರ್ಡಿನಲ್ಲಲ್ಲ.

● ಧಾರವಾಡದ ಮಾನಸಿಕ ಆಸ್ಪತ್ರೆ ಶುರುವಾದದ್ದು 1845ರಲ್ಲಿ, ಮುಂಬೈ ಪ್ರಾಂತ್ಯದ ಕಾಲಕ್ಕೆ. ‘ಧಾರವಾಡಕ್ಕೆ ಕಳಿಸ್ತೀವಿ ನೋಡು’ ಎಂಬ ಚೇಷ್ಟೆಯ ಮಾತು ಈ ಕಡೆ ಯಾರು ಕೇಳಿಲ್ಲ! ಅದೇ ಆಸ್ಪತ್ರೆ ಈಗ ಡಿಮ್ಹಾನ್ಸ್. ಮನೋವೈದ್ಯರನ್ನು ತಯಾರು ಮಾಡುವ ಬೋಧನಾ ಸಂಸ್ಥೆ.

● ಸ್ವತಂತ್ರ ಭಾರತದಲ್ಲಿ ಮನೋವೈದ್ಯರ ತರಬೇತಿಗೆಂದೇ ಅಖಿಲ ಭಾರತ ಮಟ್ಟದ ಸಂಸ್ಥೆ ಹುಟ್ಟಿದ್ದು ಬೆಂಗಳೂರಿನಲ್ಲಿ, 1954ರಲ್ಲಿ. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೇ ಅದರ ಪಾಠಶಾಲೆ. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ನಿರ್ದೇಶಕರು. ಆಸ್ಪತ್ರೆ, ಸಂಸ್ಥೆ ಎರಡೂ 1974ರಲ್ಲಿ ಕೂಡಿಕೊಂಡು ನಿಮ್ಹಾನ್ಸ್ ಆಯಿತು.

● ನಿಮ್ಹಾನ್ಸ್ ಆದ ಮರುವರ್ಷಗಳಲ್ಲೇ ವೈದ್ಯರು ಹಳ್ಳಿಯ ಹಾದಿ ಹಿಡಿದರು. ಬನ್ನೇರುಘಟ್ಟದ ಹತ್ತಿರದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯ, ಮನೆಮನೆ ತಿರುಗುವ ನರ್ಸಮ್ಮ ಮಾನಸಿಕ ಕಾಯಿಲೆಯನ್ನು ಗುರುತಿಸಬಲ್ಲರೇ ಎಂಬ ಪರೀಕ್ಷೆ ಅಲ್ಲಿ ನಡೆಯಿತು. ಗುರುತಿಸಬಲ್ಲರು ಎಂದಾಯಿತು. ಆಮೇಲೆ 1980ರ ದಶಕದಲ್ಲಿ ಅದನ್ನೇ ಇಡೀ ಬಳ್ಳಾರಿ ಜಿಲ್ಲೆಗೆ ಹಬ್ಬಿಸಿದರು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಾಗ ಕಣ್ಣೆದುರಿಗೆ ಇಟ್ಟುಕೊಂಡದ್ದು ಇದೇ ಬಳ್ಳಾರಿ ಮಾದರಿಯನ್ನು. ದೆಹಲಿಗೆ ದಾರಿ ತೋರಿಸಿದ್ದು ನಮ್ಮ ಬಿಸಿಲುನಾಡು. ಇದನ್ನು ನಾವೇ ಮರೆತಿದ್ದೇವೆ.

● ಶಿವರಾಮ ಕಾರಂತರ ಹುಟ್ಟೂರು ಕೋಟ ಮನೋವೈದ್ಯಶಾಸ್ತ್ರದ ಜಗತ್ತಿನಲ್ಲೂ ಹೆಸರಾದ ಊರು. ಮೋರಿಸ್ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅಲ್ಲಿನ ಜನರ ಮನಸ್ಸಿನ ಬೇನೆಗಳನ್ನು ಅಧ್ಯಯನ ಮಾಡಿ 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕ ತಂದರು. ಅಲ್ಲಿನವರು ನಾಟಿ ವೈದ್ಯ, ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿ, ಇಂಗ್ಲಿಷ್ ಡಾಕ್ಟರು ಎಂದು ಭೇದ ಎಣಿಸದೆ ಎಲ್ಲರ ಬಳಿಗೂ ಹೋಗುತ್ತಿದ್ದರು.

● ನಮ್ಮ ವಿಜಯಪುರದ ಕಡೆಯಲ್ಲಾದರೂ ಬೇರೆಯೇನಿದೆ? ‘ಗಾಳಿ ಹಿಡದೈತಿ’ ಎಂದೊಡನೆ ಮನೆಯವರು ಮೊದಲು ಹೊರಡುವುದು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ. ಹಾಗೆ ಹೋಗಿಬಂದವರನ್ನು ‘ಅಲ್ಲಿಗ್ಯಾಕೆ ಹೋದ್ರಿ’ ಎಂದು ಗದರುವ ಕಿರಿಯ ವೈದ್ಯರ ಹತ್ತಿರ ಆ ಮನೆಯವರು ಮತ್ತೆ ಕಾಲಿಡಲಿಕ್ಕಿಲ್ಲ. ದೇವರಿಗೂ ನಡಕೊಳ್ರಿ, ಗುಳಿಗೆಯನ್ನೂ ಬಿಡಬ್ಯಾಡ್ರಿ ಎನ್ನುವುದನ್ನು ಕಲಿಯಬೇಕು. ಇದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ, ತಾಲ್ಲೂಕು ಆಸ್ಪತ್ರೆಯ ಪಾಳಿಯಲ್ಲಿ ಬರುವ ಪ್ರಶ್ನೆ.

● ರೋಗಿಯನ್ನು ಸರಪಳಿಯಿಂದ ಕಟ್ಟುವುದು ಅಪರಾಧ. ಅರಿವಳಿಕೆ ಕೊಡದೆ ಕರೆಂಟ್ ಚಿಕಿತ್ಸೆ ಮಾಡುವಂತಿಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಮಾತಿದು. ಸಿನಿಮಾದವರು ಮಾತ್ರ ಇನ್ನೂ ಓದಿದಂತಿಲ್ಲ.

● ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ಮನೋವೈದ್ಯರೋ, ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬರೂ ಇಲ್ಲ.

● ಹೌಸ್‌ಸರ್ಜನ್‌ಗಳಿಗೂ ಈಗ ಮನೋವೈದ್ಯ ವಿಭಾಗದಲ್ಲಿ ಎರಡು ವಾರ ಕಡ್ಡಾಯ. ನಾಳೆ ಇವರಲ್ಲೇ ಯಾರೋ ನಿಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಬರುವವರು.

● ನಡುರಾತ್ರಿ ತಲೆ ಕೆಟ್ಟರೆ ಮಂಗಳವಾರದ ತನಕ ಕಾಯಬೇಕಿಲ್ಲ. 14416ಕ್ಕೆ ಕರೆ ಮಾಡಿ. ಟೆಲಿಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ಇದೆ. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಬಹುದು.