ಸೀಸೆಯೊಳಗಣ ಶಿಶು

ಮುಂದೆ ಭಾರತದ ಪೌರತ್ವವನ್ನು ಸ್ವೀಕರಿಸಿ 1964ರಲ್ಲಿ ಭುವನೇಶ್ವರದಲ್ಲಿ ದೇಹವಿಟ್ಟ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನರು, 1923ರ ಫೆಬ್ರವರಿಯಲ್ಲಿ ಕೇಂಬ್ರಿಜ್ಜಿನ 'ಹೆರೆಟಿಕ್ಸ್' ಎಂಬ ವಿಚಾರಗೋಷ್ಠಿಯ ಎದುರಿಗೆ ಒಂದು ಪ್ರಬಂಧವನ್ನೋದಿದರು. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ವಿಜ್ಞಾನದ ಮಾರಕ ರೂಪವನ್ನು ಕಣ್ಣಾರೆ ಕಂಡಿದ್ದರೂ ಅದರಲ್ಲಿಟ್ಟ ಶ್ರದ್ಧೆಯನ್ನು ನೀಗಿಕೊಳ್ಳದಿದ್ದ ಅವರು, 'ಡೀಡಲಸ್' ಎಂಬ ಹೆಸರಿನಿಂದ ಪುಸ್ತಕವಾದ ಆ ಪ್ರಬಂಧದಲ್ಲಿ, ಭವಿಷ್ಯತ್ಕಾಲದ ವಿದ್ಯಾರ್ಥಿಯೊಬ್ಬನ ಬರವಣಿಗೆಯ ನೆವದಿಂದ, 1951ರಲ್ಲಿ ಗರ್ಭಾಶಯದ ಹೊರಗೆ ಬೆಳೆದ ಪ್ರಥಮ ಶಿಶು ಜನಿಸಿತೆಂದೂ, ಕಾಲಕ್ರಮದಲ್ಲಿ ಬಹುಪಾಲು ಮಕ್ಕಳು ಹಾಗೆಯೇ ಹುಟ್ಟತೊಡಗಿದರೆಂದೂ ಉತ್ಸಾಹದಿಂದ ಕಲ್ಪಿಸಿದರು.

1924ರಲ್ಲಿ ಬರ್ಟ್ರಂಡ್ ರಸೆಲ್ಲರು 'ಇಕಾರಸ್' ಎಂಬ ಕಿರುಹೊತ್ತಗೆಯಿಂದ ಅದಕ್ಕೆ ಪ್ರತ್ಯುತ್ತರವಿತ್ತು, ವಿಜ್ಞಾನವು ಜನರ ಸುಖಕ್ಕಿಂತ ಅಧಿಕಾರಾರೂಢರ ಬಲವನ್ನೇ ವರ್ಧಿಸೀತೆಂಬ ಶಂಕೆಯನ್ನು ಮುಂದಿಟ್ಟರು. ಈ ಆಶೆ ಈ ಶಂಕೆಗಳೆರಡೂ ಕಥಾರೂಪದಲ್ಲಿ ಸಂಗಮಿಸಿದುದು ಆಲ್ಡಸ್ ಹಕ್ಸ್‌ಲಿಯವರಲ್ಲಿ. ಡಾರ್ವಿನ್ನರ ಪಕ್ಷವನ್ನು ಎತ್ತಿಹಿಡಿದ ಟಿ. ಎಚ್. ಹಕ್ಸ್‌ಲಿಯವರ ಮೊಮ್ಮಗನೂ, ಜೀವವಿಜ್ಞಾನಿ ಜೂಲಿಯನ್ನರ ತಮ್ಮನೂ, ಹಾಲ್ಡೇನರ ಕುಟುಂಬಕ್ಕೆ ಆಪ್ತನೂ ಆಗಿದ್ದ ಅವರು, 1931ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಕುಳಿತು ಬರೆದು ಮರುವರ್ಷ ಪ್ರಕಟಿಸಿದ 'ಬ್ರೇವ್ ನ್ಯೂ ವರ್ಲ್ಡ್' ಕಾದಂಬರಿಯಲ್ಲಿ, ಹಾಲ್ಡೇನರ ಶಿಶುವನ್ನೇ ಕಾರ್ಖಾನೆಯ ಸೀಸೆಯೊಳಗಿರಿಸಿದರು. ಅಲ್ಲಿ ಒಂದು ಅಂಡದಿಂದ 96 ಅವಳಿಗಳನ್ನು ಪಡೆಯುವ ವಿಧಾನವುಂಟು. ಕೀಳುವರ್ಗಕ್ಕೆ ಸೇರಬೇಕಾದ ಭ್ರೂಣಕ್ಕೆ ಆಮ್ಲಜನಕವನ್ನು ಕಡಮೆಮಾಡಿ ಬುದ್ಧಿಯನ್ನು ಕುಗ್ಗಿಸುವ ಕ್ರಮವುಂಟು. ಬೆಳೆದ ಮೇಲೆ ದುಃಖವು ತಲೆದೋರಿದರೆ ಅದನ್ನಡಗಿಸಲು 'ಸೋಮ' ಎಂಬ ಗುಳಿಗೆಯುಂಟು.

ಈ ಕೃತಿಯನ್ನು ವಿಜ್ಞಾನದ್ವೇಷದ ಗ್ರಂಥವೆಂದು ತಿಳಿಯುವವರು ಅದರ ಅತ್ಯಂತ ಗಹನವಾದ ಭಾಗವನ್ನು ಗಮನಿಸಿದವರಲ್ಲ. ಅಲ್ಲಿಯ ಲೋಕನಿಯಾಮಕ ಮುಸ್ತಫಾ ಮೊಂಡನು ಯೌವನದಲ್ಲಿ ಭೌತವಿಜ್ಞಾನಿಯಾಗಿದ್ದವನು. ಆದರೂ ಅವನು ಜೀವವಿಜ್ಞಾನದ ಒಂದು ನೂತನ ಸಿದ್ಧಾಂತದ ಪ್ರಕಟಣೆಯನ್ನು ತಡೆಯುತ್ತಾನೆ. ಪ್ರಶ್ನೆಯಿಂದ ಹುಟ್ಟಿದ ಫಲವನ್ನು ಅನುಭವಿಸುತ್ತ ಪ್ರಶ್ನಿಸುವ ಬುದ್ಧಿಯನ್ನು ಬಂಧಿಸುವ ರಾಜ್ಯವದು. ಅಲ್ಲಿ ತಂತ್ರ ಬೆಳೆದಿದೆ, ಜಿಜ್ಞಾಸೆ ಸತ್ತಿದೆ.

1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಮ್ಮಿನಲ್ಲಿ, ಗಾಜಿನ ತಟ್ಟೆಯಲ್ಲಿ ನಿಷೇಚನೆಗೊಂಡು ತಾಯಿಯ ಒಡಲಿನಲ್ಲೇ ಬೆಳೆದ ಲೂಯಿಸ್ ಬ್ರೌನ್ ಜನಿಸಿದಾಗ, ಹಕ್ಸ್‌ಲಿಯವರ ಕಾರ್ಖಾನೆ ಅನೇಕರ ನೆನಪಿಗೆ ಬಂದುದು ಸಹಜವೇ. ಆದರೆ ಆ ವಿದ್ಯೆಯನ್ನು ಅಲ್ಲಿ ಬೇಡಿದವರು ಸಂತಾನಹೀನರಾಗಿದ್ದ ದಂಪತಿಗಳು, ರಾಜ್ಯವಲ್ಲ; ಆದಕಾರಣವೇ ಅದು ಶಾಪವಾಗದೆ ವರವಾಯಿತು. ಜೀವದ ಬೀಜಾಕ್ಷರಗಳನ್ನೇ ತಿದ್ದುವ ಸಾಮರ್ಥ್ಯವು ಕೈಗೂಡಿರುವ ಇಂದು, ಏನು ಸಾಧ್ಯವೆಂಬುದನ್ನು ಪ್ರಯೋಗಶಾಲೆಯು ಹೇಳಬಲ್ಲದು. ಅದು ಯಾರ ಇಚ್ಛೆಯಿಂದ, ಯಾರ ಹಿತಕ್ಕಾಗಿ ಎಂದು ಕೇಳುವ ಸ್ವಾತಂತ್ರ್ಯವನ್ನು ಕಾಯ್ದುಕೊಳ್ಳತಕ್ಕವರು ಪ್ರಜೆಗಳಾದ ನಾವೇ.