ಕಡಲಿನಿಂದೆದ್ದ ದಿನವೇ ಘಾಟಿ ಹತ್ತಬೇಡಿ

ಸಕಲೇಶಪುರ, ಆಲೂರು ಕಡೆಯ ಮಕ್ಕಳೂ ಈಗ ರಜೆಗೆ ನೇತ್ರಾಣಿಯ ಕನಸು ಕಾಣುತ್ತಾರೆ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಕಡಲಲ್ಲಿರುವ ಈ ದ್ವೀಪದ ಬಳಿ ಹವಳ, ಬಣ್ಣಬಣ್ಣದ ಮೀನುಗಳ ನಡುವೆ ಸ್ಕೂಬಾ ಡೈವಿಂಗ್ ಮಾಡಬಹುದು. ದ್ವೀಪದಲ್ಲಿ ಜನವಸತಿ ಇಲ್ಲ, ತಂಗುವುದು ಮುರ್ಡೇಶ್ವರದಲ್ಲೇ. ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ.

ಹೊರಡುವ ಮುನ್ನ ವಿಜ್ಞಾನದ ಎರಡು ಪಾಠ ನೆನಪಿರಲಿ. ಮೊದಲನೆಯದು ಬಾಯ್ಲ್‌ನ ನಿಯಮ. 10 ಮೀಟರ್ ಆಳದಲ್ಲಿ ಒತ್ತಡ ನೀರಿನ ಮೇಲಿನದಕ್ಕಿಂತ ಎರಡರಷ್ಟು. ಅಲ್ಲಿ ಸಿಲಿಂಡರಿನ ಗಾಳಿ ಎಳೆದುಕೊಂಡು, ಉಸಿರು ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿ ಇಮ್ಮಡಿಯಾಗಿ ಹಿಗ್ಗಲು ಹೋಗಿ ಶ್ವಾಸಕೋಶಕ್ಕೆ ಗಾಯವಾದೀತು. ಉಸಿರಾಟ ನಿಲ್ಲಿಸಲೇಬಾರದು.

ಎರಡನೆಯದು ಮಲೆನಾಡಿನ ನಮಗೆ ವಿಶೇಷ. ಆಳದಲ್ಲಿ ರಕ್ತದೊಳಗೆ ಹೆಚ್ಚು ನೈಟ್ರೋಜನ್ ಕರಗುತ್ತದೆ. ಒತ್ತಡ ಬೇಗ ಇಳಿದರೆ, ಸೋಡಾ ಬಾಟಲಿ ತೆರೆದಂತೆ, ಅದು ಗುಳ್ಳೆಯಾಗಬಹುದು. ಆದ್ದರಿಂದಲೇ ವಿಮಾನ ಹತ್ತುವ ಮುನ್ನ, ಒಮ್ಮೆ ಮುಳುಗಿದವರು 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ಕಾಯಬೇಕೆಂಬ ಸಲಹೆಯಿದೆ. ಸುಮಾರು 600 ಮೀಟರ್ ಮೀರಿದ ಬೆಟ್ಟಕ್ಕೂ ಅದೇ ಎಚ್ಚರ ಬೇಕು. ನಮ್ಮ ಸಕಲೇಶಪುರ 900 ಮೀಟರಿಗೂ ಎತ್ತರದಲ್ಲಿದೆ!

ಪೋಷಕರೇ, ಅಂದು ರಾತ್ರಿಯೇ ಶಿರಾಡಿ ಹತ್ತಬೇಡಿ. ಒಂದು ರಾತ್ರಿಯ ಕೋಣೆ ಬಾಡಿಗೆ ದುಂದಲ್ಲ. ಮಕ್ಕಳಿಗೆ ಆಸ್ತಮಾ, ನೆಗಡಿ, ಕಿವಿನೋವು ಇದ್ದರೆ ಮೊದಲು ವೈದ್ಯರನ್ನು ಕೇಳಿ.