ಇದು ಬರೀ ಕೆಸರಲ್ಲ, ಮೀನಿನ ತೊಟ್ಟಿಲು

ಮಾರುಕಟ್ಟೆಯಿಂದ ತಂದ ಸೀಗಡಿಯ ಸಿಪ್ಪೆ ಬಿಡಿಸುವಾಗ ಅದು ಎಲ್ಲಿ ಬೆಳೆಯಿತೆಂದು ನಾವು ಯೋಚಿಸುವುದು ಕಡಿಮೆ. ಸಮುದ್ರದಲ್ಲಿ ಎಂದರೆ ಅರ್ಧ ಉತ್ತರವಷ್ಟೇ. ಅನೇಕ ಜಾತಿಯ ಸೀಗಡಿಗಳು ಕಡಲಲ್ಲಿ ಮೊಟ್ಟೆಯಿಡುತ್ತವೆ. ಅವುಗಳ ಪುಟ್ಟ ಮರಿಗಳು ಭರತದ ನೀರಿನೊಂದಿಗೆ ನದಿಯ ಅಳಿವೆಗೆ ಬಂದು, ಆಳವಿಲ್ಲದ ನೀರಿನಲ್ಲಿ ಬೆಳೆದು, ಮತ್ತೆ ಕಡಲಿಗೆ ಮರಳುತ್ತವೆ. ಕಾಣೆಯಂತಹ ಮೀನುಗಳ ಮರಿಗಳಿಗೂ ಅಳಿವೆಯೇ ಆಸರೆ.

ಉತ್ತರ ಕನ್ನಡದ ಕುಮಟಾ ತಾಲೂಕಿನ ಅಘನಾಶಿನಿ ಅಳಿವೆ ಇಂತಹ ಒಂದು ತೊಟ್ಟಿಲು. ಶಿರಸಿಯ ಕಡೆಯಿಂದ ಹರಿದು ಬರುವ ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟು ಇಲ್ಲ. 2024ರಲ್ಲಿ ಅಳಿವೆಯ ಸುಮಾರು 4,801 ಹೆಕ್ಟೇರ್ ಪ್ರದೇಶ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಮಹಿಳೆಯರ ಬದುಕು

ಇಳಿತದ ಹೊತ್ತಿಗೆ ಇಲ್ಲಿ ಮಹಿಳೆಯರು ಮೊಣಕಾಲುದ್ದ ನೀರಿಗಿಳಿದು ಬಳಚು ಆರಿಸುತ್ತಾರೆ. ದಕ್ಷಿಣ ಕನ್ನಡದವರು ಮರುವಾಯಿ ಎನ್ನುವುದು ಇದನ್ನೇ. ದೋಣಿ, ಬಲೆಗೆ ಬಂಡವಾಳವಿಲ್ಲದವರಿಗೂ ಈ ಕೆಸರು ಅನ್ನ ಕೊಡುತ್ತದೆ. ತಳದ ಮರಳು, ಚಿಪ್ಪುಗಳನ್ನು ಮಿತಿಮೀರಿ ತೆಗೆದರೆ ಬಳಚಿನ ನೆಲೆ ಹಾಳಾಗುತ್ತದೆ. ಆಗ ಮೊದಲು ಬರಿದಾಗುವುದು ಈ ಮಹಿಳೆಯರ ಬುಟ್ಟಿ.

ಅಳಿವೆಯ ಅಂಚಿನ ಗಜನಿ ಗದ್ದೆಗಳದು ಇನ್ನೊಂದು ಜಾಣತನ. ಮಳೆಗಾಲದಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ. ಕೊಯ್ಲಿನ ನಂತರ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸೀಗಡಿ. ಗೊಬ್ಬರ, ಔಷಧಿಯ ಹಂಗಿಲ್ಲ. 1990ರ ದಶಕದಲ್ಲಿ ಹೆಚ್ಚು ಲಾಭದ ಆಸೆಯಿಂದ ಸೀಗಡಿ ಕೃಷಿ ಹಬ್ಬಿತು. ಬಿಳಿಚುಕ್ಕೆ ರೋಗ ಬಂದಾಗ ಅನೇಕರು ಕೈಸುಟ್ಟುಕೊಂಡರು.

ಗಿಡ ನೆಟ್ಟರೆ ಸಾಕೇ?

ಕಾಂಡ್ಲಾ ಕಾಡಿನ ಬೇರುಗಳ ನಡುವೆ ಮರಿಮೀನುಗಳಿಗೆ ರಕ್ಷಣೆಯಿದೆ. ಉದುರಿ ಕೊಳೆತ ಎಲೆಗಳಿಂದ ಆಹಾರ ಸಿಗುತ್ತದೆ. ಅಲೆಯ ಹೊಡೆತ ತಗ್ಗಿ ದಡದ ಮಣ್ಣು ಉಳಿಯುತ್ತದೆ. ಹೀಗಾಗಿ ಕಾಂಡ್ಲಾ ನೆಡುವ ಕೆಲಸ ಹಲವೆಡೆ ನಡೆದಿದೆ. ಇದು ಮೆಚ್ಚತಕ್ಕದ್ದೇ.

ಆದರೆ ಕಂಡಕಂಡಲ್ಲಿ ನೆಡುವುದು ಸೇವೆಯಲ್ಲ. ಬಳಚು ಬೆಳೆಯುವ ಬಯಲನ್ನು ಗಿಡಗಳಿಂದ ತುಂಬಿದರೆ ಒಂದನ್ನು ಉಳಿಸಲು ಇನ್ನೊಂದನ್ನು ಕೆಡಿಸಿದಂತೆ. ಹಿಂದೆ ಕಾಂಡ್ಲಾ ಇದ್ದು ನಾಶವಾದ ಜಾಗಕ್ಕೆ ಭರತ-ಇಳಿತದ ನೀರು ಸರಾಗವಾಗಿ ಬಂದುಹೋಗುವಂತೆ ಮಾಡುವುದೇ ಮೊದಲ ಕೆಲಸ. ನೀರಿನ ದಾರಿ ತೆರೆದು, ಹತ್ತಿರದಲ್ಲಿ ಬೀಜದ ಮರಗಳಿದ್ದರೆ, ತೇಲಿಬಂದ ಮೊಳಕೆಗಳು ತಾವಾಗಿಯೇ ಬೇರೂರುತ್ತವೆ. ಎಲ್ಲಿ ಏನಿತ್ತೆಂಬುದು ದಿನವೂ ಆ ಕೆಸರಿಗಿಳಿಯುವ ಮಹಿಳೆಯರಿಗೆ ಚೆನ್ನಾಗಿ ಗೊತ್ತು. ಯೋಜನೆ ರೂಪಿಸುವವರು ಅವರನ್ನು ಕೇಳಬೇಡವೇ?

ನಮ್ಮ ಪಾಲು

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಕಡಲಿಗೆ ರಜೆ ಕೊಟ್ಟು, ಮರಿಗಳು ಬೆಳೆಯುವ ಅಳಿವೆಗೆ ಕಸ, ಪ್ಲಾಸ್ಟಿಕ್, ಕೊಳಚೆ ಸುರಿದರೆ ಫಲವೇನು?

ಗೃಹಿಣಿಯರಾದ ನಾವೂ ಇಲ್ಲಿ ನಿಸ್ಸಹಾಯಕರಲ್ಲ. ತೀರಾ ಸಣ್ಣ ಬಳಚು, ಮರಿಮೀನುಗಳನ್ನು ಅಗ್ಗವೆಂದು ಕೊಳ್ಳದಿರೋಣ. ಬೇಡವೆಂದರೆ ಹಿಡಿಯುವವರೂ ಯೋಚಿಸುತ್ತಾರೆ. ಮನೆಯ ಕಸ ಹೊಳೆ ಸೇರದಂತೆ ನೋಡಿಕೊಳ್ಳೋಣ. ಮಕ್ಕಳನ್ನು ಸಮುದ್ರ ತೋರಿಸಲು ಕರೆದೊಯ್ದಾಗ ಒಮ್ಮೆ ಅಳಿವೆಯ ದಡಕ್ಕೂ ಕರೆದೊಯ್ಯೋಣ. ನಾಳೆ ಅವರ ತಟ್ಟೆಗೆ ಬರಬೇಕಾದ ಮೀನು ಇಂದು ಅಲ್ಲಿ ಬೆಳೆಯುತ್ತಿದೆ.